ಕರೆಂಟ್ ಕಡಿಮೆ ಬೇಡುವ ಸರ್ಕಾರಿ ಮನೆ: ಮಂಗಳೂರು-ಉಡುಪಿಯಲ್ಲಿ ಊರವರೇ ಸೇರಿ ಪ್ಲ್ಯಾನ್ ಮಾಡುವ ಬಗೆ

ಕಲಬುರಗಿಗೆ ಹೊಂದುವ ಮನೆ ಕರಾವಳಿಯ ಕಾಪುವಿಗೆ ಹೊಂದುವುದಿಲ್ಲ. ಅಲ್ಲಿ ಒಣ ಬಿಸಿಲು, ಇಲ್ಲಿ ಬೆವರು. ಅಲ್ಲಿ ಮಧ್ಯಾಹ್ನ ಕಿಟಕಿ ಮುಚ್ಚಿಕೊಂಡರೆ ಮನೆ ತಂಪಾಗಿರುತ್ತದೆ, ಇಲ್ಲಿ ಮುಚ್ಚಿದರೆ ಉಸಿರು ಕಟ್ಟುತ್ತದೆ. ಆದರೂ ಸರ್ಕಾರಿ ವಸತಿ ಅಂದ ಕೂಡಲೇ ಒಂದೇ ಅಚ್ಚಿನ ನಕ್ಷೆ ಹೊರಗೆ ಬರುತ್ತದೆ. ಆಮೇಲೆ ಒಳಗೆ ಇರುವವರು ಇಪ್ಪತ್ತನಾಲ್ಕು ಗಂಟೆ ಫ್ಯಾನ್ ತಿರುಗಿಸುತ್ತಾ ಕೂರಬೇಕು.

ವಾರ್ಡ್ ಸಮಿತಿಯವರು, ಸ್ವಸಹಾಯ ಸಂಘದ ಅಕ್ಕಂದಿರು, ಯುವಕ ಮಂಡಲದವರು, ಮನೆಗೆ ಅರ್ಜಿ ಹಾಕಿ ಕಾಯುತ್ತಿರುವವರು, ಇವರಿಗೆಲ್ಲ ಈ ಬರಹ. ಇಂಜಿನಿಯರ್ ಕೆಲಸವನ್ನು ನೀವು ಮಾಡಬೇಕಿಲ್ಲ. ಇಂಜಿನಿಯರ್‌ಗೆ ಗೊತ್ತಿಲ್ಲದ ಎಷ್ಟೋ ವಿಷಯ ನಿಮಗೆ ಗೊತ್ತಿದೆ, ಅದನ್ನು ನಕ್ಷೆ ಬರೆಯುವ ಮೊದಲೇ ಅವರ ಮೇಜಿಗೆ ಮುಟ್ಟಿಸಬೇಕು, ಅಷ್ಟೆ. ನಕ್ಷೆ ಮುಗಿದ ಮೇಲೆ ಕರೆಯುವ ಸಭೆಯಲ್ಲಿ ಚಾ, ಗೋಳಿಬಜೆ ಸಿಗುತ್ತದೆ, ಬೇರೇನೂ ಸಿಗುವುದಿಲ್ಲ.

1. ಯಾವ ಬಾಗಿಲು ತಟ್ಟಬೇಕು ಅಂತ ತಿಳಿದುಕೊಳ್ಳಿ

ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದನ್ನು ಮೊದಲು ನೋಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಎರಡನೇ ಸುತ್ತು 2024ರಲ್ಲಿ ಶುರುವಾಯಿತು. ಅದರಲ್ಲಿ ಬಡ ಕುಟುಂಬದ ಮನೆ 30ರಿಂದ 45 ಚದರ ಮೀಟರ್ ಕಾರ್ಪೆಟ್ ಏರಿಯಾದ್ದು, ಅಂದರೆ ಮನೆಯೊಳಗೆ ಬಳಸಲು ಸಿಗುವ ನೆಲದ ಅಳತೆ. ಸ್ವಂತ ಜಾಗ ಇದ್ದವರು ತಾವೇ ಕಟ್ಟಿಕೊಳ್ಳುವುದು ಒಂದು ದಾರಿ, ಪಾಲಿಕೆಯೋ ಮಂಡಳಿಯೋ ಸೇರಿ ಕಟ್ಟಿಸುವ ಫ್ಲಾಟು ಇನ್ನೊಂದು ದಾರಿ. ರಾಜ್ಯದ ಕಡೆಯಿಂದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಮತ್ತು ಕೊಳಗೇರಿ ಅಭಿವೃದ್ಧಿ ಮಂಡಳಿ ಇವೆ. ನಿಗಮದ ಹೆಸರಿನಲ್ಲಿ ಗ್ರಾಮೀಣ ಅಂತ ಇದ್ದರೂ ನಗರದ ವಸತಿ ಯೋಜನೆಗಳೂ ಅದರ ಕೈಯಲ್ಲೇ ಇವೆ.

ಮಂಗಳೂರು ಪಾಲಿಕೆಯಲ್ಲಿ 60 ವಾರ್ಡು, ಉಡುಪಿ ನಗರಸಭೆಯಲ್ಲಿ 35. ಪಾಲಿಕೆಗಳಿಗೆ ಕಾನೂನಿನಲ್ಲೇ ವಾರ್ಡ್ ಸಮಿತಿ ಇದೆ. ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ಹತ್ತು ಸದಸ್ಯರು. ಅವರಲ್ಲಿ ಕಡಿಮೆ ಅಂದರೂ ಮೂವರು ಹೆಂಗಸರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದವರು ಇರಬೇಕು. ಪಂಚಾಯತ್ ವ್ಯಾಪ್ತಿ ಆದರೆ ವಾರ್ಡ್ ಸಭೆ, ಗ್ರಾಮಸಭೆ ಇವೆ. ಇಲ್ಲೆಲ್ಲ ಬಾಯಿ ಮಾತಿಗೆ ಬೆಲೆ ಕಡಿಮೆ. ನೀವು ಕೇಳಿದ್ದು ನಡಾವಳಿ ಪುಸ್ತಕದಲ್ಲಿ ಬರಬೇಕು, ಅದರ ಪ್ರತಿ ನಿಮ್ಮ ಕೈಗೆ ಸಿಗಬೇಕು. ಸಭೆ ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ನಡೆಯಲಿ, ಬರೆಯುವುದು ಕನ್ನಡದಲ್ಲಿ ಇರಲಿ.

ಸಭೆಯ ಸಮಯದ ಬಗ್ಗೆ ಒಂದು ಮಾತು. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟರೆ ಅಧಿಕಾರಿಗಳಿಗೆ ಅನುಕೂಲ, ಕೂಲಿಗೆ ಹೋಗುವವರು ಬರುವುದಿಲ್ಲ. ಬೀಡಿ ಕಟ್ಟುವವರು ಕಂಪನಿಯ ಬ್ರಾಂಚಿಗೆ ಬೀಡಿ ಕೊಡುವ ಹೊತ್ತನ್ನು ತಪ್ಪಿಸಿ. ಮೀನುಗಾರರ ಕುಟುಂಬಗಳು ಇದ್ದರೆ ಜೂನ್ ಮತ್ತು ಜುಲೈ ಒಳ್ಳೆಯ ಸಮಯ, ಬೋಟುಗಳಿಗೆ ಆಗ ರಜೆ.

2. ಜಾಗವನ್ನು ಎರಡು ಸಲ ನೋಡಿ: ಮೇ ಮಧ್ಯಾಹ್ನ ಒಮ್ಮೆ, ಜುಲೈ ಮಳೆಯಲ್ಲಿ ಒಮ್ಮೆ

ಡಿಸೆಂಬರಿನಲ್ಲಿ ಹೋಗಿ ನೋಡಿದರೆ ನಮ್ಮ ಕಡೆ ಎಲ್ಲ ಜಾಗವೂ ಚಂದವೇ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹೋಗಿ ನಿಂತುಕೊಳ್ಳಿ. ಪಡುವಣದಿಂದ ಬರುವ ಕಡಲ ಗಾಳಿ ಜಾಗದ ಯಾವ ಮೂಲೆಗೆ ತಾಗುತ್ತದೆ, ಯಾವ ಗುಡ್ಡ ಅಥವಾ ಕಟ್ಟಡ ಅದನ್ನು ತಡೆಯುತ್ತದೆ ಅಂತ ಆಗ ಮೈಗೇ ಗೊತ್ತಾಗುತ್ತದೆ. ಒಂದು ಕೋಲಿಗೆ ಬಟ್ಟೆ ಚೂರು ಕಟ್ಟಿ ನೆಟ್ಟರೆ ಸಾಕು, ಯಂತ್ರ ಬೇಡ.

ಮಳೆಗಾಲದಲ್ಲಿ ಹೋಗುವುದು ನೀರಿನ ದಾರಿ ನೋಡುವುದಕ್ಕೆ. 2018ರ ಮೇ 29ರಂದು ಮಂಗಳೂರಿನ ರಸ್ತೆಗಳು ಹೇಗೆ ತೋಡಾದವು ಅಂತ ನೆನಪಿದೆ ಅಲ್ವಾ? ಬಡವರ ಮನೆಗೆ ಸಿಗುವುದು ಸಾಮಾನ್ಯವಾಗಿ ಬೇರೆಯವರಿಗೆ ಬೇಡವಾದ ಜಾಗ. ಒಂದೋ ತಗ್ಗು, ಇಲ್ಲಾ ಗುಡ್ಡದ ಬದಿ. ತಗ್ಗಾದರೆ ರಾಜಕಾಲುವೆ ಎಲ್ಲಿ ಉಕ್ಕುತ್ತದೆ ಅಂತ ಅಕ್ಕಪಕ್ಕದ ಹಿರಿಯರನ್ನು ಕೇಳಿ. ಗುಡ್ಡವಾದರೆ ಜೆಸಿಬಿ ತಂದು ನೇರ ಕಡಿಯುವ ಪ್ಲ್ಯಾನಿಗೆ ಒಪ್ಪಬೇಡಿ. ಮುರಕಲ್ಲಿನ (ಕೆಂಪು ಕಲ್ಲಿನ) ಕೆಳಗೆ ಮೆತ್ತನೆಯ ಮಣ್ಣು ಇರುತ್ತದೆ, ಮಳೆ ನೀರು ಇಳಿದರೆ ಕಡಿದ ಗೋಡೆ ಜರಿದು ಬರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದರೆ ಗುಡ್ಡವೂ ಉಳಿಯುತ್ತದೆ, ಹಿಂದಿನ ಸಾಲಿಗೂ ಗಾಳಿ ಸಿಗುತ್ತದೆ.

ಒಂದು ದೊಡ್ಡ ಹಾಳೆಯಲ್ಲಿ ಬಾವಿ, ದೊಡ್ಡ ಮರ, ನಾಗಬನ, ದೈವದ ಕಟ್ಟೆ, ಜನ ನಡೆದಾಡುವ ಕಾಲುದಾರಿ ಎಲ್ಲ ಗುರುತು ಹಾಕಿ. ಸರ್ವೆ ನಕ್ಷೆಯಲ್ಲಿ ಇವು ಎಷ್ಟೋ ಸಲ ಇರುವುದಿಲ್ಲ. ಇಂಧನಕ್ಕೂ ನಾಗಬನಕ್ಕೂ ಏನು ಸಂಬಂಧ ಅಂತ ಕೇಳಬಹುದು. ಬನ ಉಳಿದರೆ ಅದರ ಮರಗಳ ನೆರಳು ಉಳಿಯುತ್ತದೆ. ಜೊತೆಗೆ ಅರ್ಧ ಕೆಲಸ ಆದ ಮೇಲೆ ತಕರಾರು ಎದ್ದು ನಕ್ಷೆಯನ್ನು ಅವಸರದಲ್ಲಿ ತಿರುಗಿಸುವ ಗತಿ ಬರುವುದಿಲ್ಲ. ಹಾಗೆ ಅವಸರದಲ್ಲಿ ತಿರುಗಿಸಿದ ನಕ್ಷೆಯಲ್ಲಿ ಮೊದಲು ಸಾಯುವುದು ಗಾಳಿಯ ದಿಕ್ಕು.

3. ಮನೆಯೊಳಗೆ ಏನೆಲ್ಲ ನಡೆಯುತ್ತದೆ ಅಂತ ಕೇಳಿ

ಈ ಹಂತವನ್ನು ಹೆಚ್ಚಿನವರು ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಇದೇ ಮುಖ್ಯ.

ಈಗ ಇರುವ ಮನೆಗಳ ಒಂದು ವರ್ಷದ ಮೆಸ್ಕಾಂ ಬಿಲ್ಲು ಸೇರಿಸಿ. ಏಪ್ರಿಲ್ ಮತ್ತು ಮೇ ತಿಂಗಳ ಯೂನಿಟ್ಟು, ಜುಲೈ ಯೂನಿಟ್ಟು ಪಕ್ಕಪಕ್ಕ ಇಟ್ಟರೆ ಸೆಕೆಗೆ ಎಷ್ಟು ಹೋಗುತ್ತದೆ ಅಂತ ತಿಳಿಯುತ್ತದೆ. ಆಮೇಲೆ ಹೆಂಗಸರ ಜೊತೆ ಬೇರೆಯಾಗಿ ಕೂತು ಮಾತಾಡಿ. ಗಂಡಸರು ಪಾರ್ಕಿಂಗ್ ಬಗ್ಗೆ ಹೇಳುತ್ತಾರೆ, ಅಡುಗೆ ಮನೆ ಬಗ್ಗೆ ಹೇಳುವುದಿಲ್ಲ.

ಬೀಡಿ ಕಟ್ಟುವವರಿಗೆ ಬೆಳಕು ಬೇಕು. ಎಲೆ ಕತ್ತರಿಸಿ, ಸುರುಟಿ, ನೂಲು ಕಟ್ಟುವುದು ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಹಳೆಯ ಮನೆಯಲ್ಲಿ ಅವರು ಜಗಲಿಯಲ್ಲಿ ಕೂರುತ್ತಿದ್ದರು. ಫ್ಲಾಟಿನಲ್ಲಿ ಜಗಲಿ ಇಲ್ಲದಿದ್ದರೆ ಹಾಡುಹಗಲೇ ಲೈಟು ಉರಿಯುತ್ತದೆ, ಹೊಗೆಸೊಪ್ಪಿನ ಧೂಳು ಮಲಗುವ ಕೋಣೆಗೆ ಬರುತ್ತದೆ. ಆದ್ದರಿಂದ ಪ್ರತಿ ಮಹಡಿಯಲ್ಲೂ ನಾಲ್ಕೈದು ಜನ ಕೂರುವಷ್ಟು ಅಗಲದ, ಒಂದು ಬದಿ ತೆರೆದ ಜಗಲಿ ಕೇಳಿ. ಇದಕ್ಕೆ ಕಾರಿಡಾರನ್ನೇ ಸ್ವಲ್ಪ ಅಗಲ ಮಾಡಿದರೆ ಆಯಿತು.

ಎರಡನೆಯದು ಕುಚ್ಚಲಕ್ಕಿ. ಬೆಳ್ತಿಗೆ ಅಕ್ಕಿಯ (ಬಿಳಿ ಅಕ್ಕಿಯ) ಹಾಗೆ ಇದು ಬೇಗ ಬೇಯುವುದಿಲ್ಲ. ಹಳೆ ಮನೆಯಲ್ಲಿ ಮಡಲು, ಕರಟ, ಸೌದೆ ಇಟ್ಟು ಒಲೆಯ ಮೇಲೆ ಗಂಜಿ ಬೇಯಿಸುತ್ತಿದ್ದರು, ಬಚ್ಚಲಿನ ಹಂಡೆಗೂ ಅದೇ ಸೌದೆ. ಫ್ಲಾಟಿಗೆ ಬಂದ ಕೂಡಲೇ ಅನ್ನಕ್ಕೆ ಗ್ಯಾಸು, ಸ್ನಾನಕ್ಕೆ ಗೀಸರ್ ಅಂತಾಗುತ್ತದೆ. ಖರ್ಚು ಏರುವುದು ಇಲ್ಲೇ. ಅನ್ನಕ್ಕೆ ಥರ್ಮಲ್ ಕುಕ್ಕರ್ ಸುಲಭದ ಉಪಾಯ: ಒಮ್ಮೆ ಕುದಿಸಿ ಒಳಗಿಟ್ಟರೆ ಉಳಿದ ಬೇಯುವಿಕೆ ಅದರ ಬಿಸಿಯಲ್ಲೇ ಆಗುತ್ತದೆ. ನೀರು ಕಾಯಿಸಲು ಸೋಲಾರ್ ಹೀಟರ್ ಹಾಕುವುದಾದರೆ ಪೈಪನ್ನು ಕಟ್ಟುವಾಗಲೇ ಗೋಡೆಯಲ್ಲಿ ಇಳಿಸಬೇಕು. ನೆಲ ಅಂತಸ್ತಿನಲ್ಲಿ ಎಲ್ಲರಿಗೂ ಸೇರಿ ಒಂದು ಸೌದೆ ಒಲೆಯ ಕೊಟ್ಟಿಗೆ ಇಟ್ಟುಕೊಳ್ಳಿ ಅನ್ನುವುದು ನನ್ನ ಸಲಹೆ. ಇಂಜಿನಿಯರ್‌ಗಳು ನಗುತ್ತಾರೆ. ಮದುವೆ, ಬೊಜ್ಜ, ಭಜನೆ ಬಂದಾಗ ಅಲ್ಲೇ ಅಡುಗೆ ಆಗುತ್ತದೆ.

ಮೂರನೆಯದು ಬಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಎಲ್ಲಿ ಒಣಗಿಸುತ್ತೀರಿ? ಮಳೆ ಬೀಳದ, ಗಾಳಿ ಆಡುವ ಜಾಗ ಇಲ್ಲದಿದ್ದರೆ ಕೋಣೆಯೊಳಗೆ ಹಗ್ಗ ಕಟ್ಟಿ ರಾತ್ರಿಯಿಡೀ ಫ್ಯಾನ್ ಹಾಕುತ್ತಾರೆ. ಗೋಡೆಗೆ ಬೂಸ್ಟು ಹಿಡಿಯುತ್ತದೆ, ಮಕ್ಕಳಿಗೆ ಕೆಮ್ಮು ಬರುತ್ತದೆ.

4. ಮೈದಾನದಲ್ಲಿ ಸುಣ್ಣದಲ್ಲಿ ಮನೆ ಬರೆಯಿರಿ

ಕಾಗದದ ನಕ್ಷೆ ನೋಡಿ ಕೋಣೆಯ ಅಳತೆ ಅಂದಾಜು ಮಾಡುವುದು ಎಲ್ಲರಿಗೂ ಬರುವುದಿಲ್ಲ, ಸುಮ್ನೆ ತಲೆ ಆಡಿಸುತ್ತಾರೆ. ಶಾಲೆ ಮೈದಾನದಲ್ಲಿ ಕಬಡ್ಡಿ ಕೋರ್ಟಿಗೆ ಗೆರೆ ಎಳೆಯುವ ಹಾಗೆ ಸುಣ್ಣದ ಪುಡಿಯಲ್ಲಿ ಮನೆಯ ನಿಜ ಅಳತೆ ಬರೆಯಿರಿ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಅಂತ ಕಲ್ಲಿಡಿ. ಒಂದು ಮಂಚ, ಒಂದು ಗ್ಯಾಸ್ ಸ್ಟೌ, ಒಂದು ಕಪಾಟು ತಂದು ಇಡಿ. ಮಂಚ ಕಿಟಕಿಗೆ ಅಡ್ಡ ಬರುತ್ತದೆಯೇ? ಮಲಗಿದವರ ಮೇಲೆ ಗಾಳಿ ಹಾಯುತ್ತದೆಯೇ? ಬಾಗಿಲಿನಿಂದ ಒಳಗೆ ಬಂದ ಗಾಳಿಗೆ ಎದುರು ಗೋಡೆಯಲ್ಲಿ ಹೊರಗೆ ಹೋಗಲು ದಾರಿ ಇದೆಯೇ? ಒಂದೇ ಗೋಡೆಯಲ್ಲಿ ಎರಡು ಕಿಟಕಿ ಇಟ್ಟರೆ ಗಾಳಿ ಸರಿಯಾಗಿ ಹಾಯುವುದಿಲ್ಲ ಅನ್ನುವುದು ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಎರಡು ನಮೂನೆ ಬರೆದು ಹೋಲಿಸಿ, ಫೋಟೋ ತೆಗೆದು ನಡಾವಳಿಗೆ ಅಂಟಿಸಿ.

ಕಡಿಮೆ ಖರ್ಚಿನ ಕಟ್ಟಡದ ಕೆಲಸ ಗೊತ್ತಿರುವ ಜಿಲ್ಲೆಯ ನಿರ್ಮಿತಿ ಕೇಂದ್ರದವರನ್ನೋ ಮಣಿಪಾಲದ ಆರ್ಕಿಟೆಕ್ಚರ್ ವಿದ್ಯಾರ್ಥಿಗಳನ್ನೋ ಈ ದಿನಕ್ಕೆ ಕರೆದರೆ ಒಳ್ಳೆಯದು. ಕೇಳಿದ್ದನ್ನು ಅಲ್ಲೇ ಅಳತೆಗೆ ಇಳಿಸಿಕೊಡುತ್ತಾರೆ.

5. ಗಾಳಿ, ನೆರಳು, ಮಾಡು (ಛಾವಣಿ)

ಇಂಗ್ಲೆಂಡಿನ ನಾರಿಚ್ ನಗರದ ಕೌನ್ಸಿಲ್ ಬಾಡಿಗೆಗೆ ಕೊಡಲು ಕಟ್ಟಿಸಿದ ಗೋಲ್ಡ್‌ಸ್ಮಿತ್ ಸ್ಟ್ರೀಟ್ ಮನೆಗಳಿಗೆ 2019ರಲ್ಲಿ ಒಳ್ಳೆಯ ಕಟ್ಟಡಗಳಿಗೆ ಕೊಡುವ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಸುಮಾರು ನೂರು ಮನೆಗಳು. ಸರ್ಕಾರಿ ಮನೆಯೂ ಇಷ್ಟು ಚೆನ್ನಾಗಿರಬಹುದು ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಆದರೆ ಅಲ್ಲಿನ ಗುಟ್ಟು ಸಂದುಗಳನ್ನೆಲ್ಲ ಮುಚ್ಚಿ ಬಿಸಿಯನ್ನು ಒಳಗೆ ಹಿಡಿದಿಡುವುದು. ನಮ್ಮ ಲೆಕ್ಕ ತಿರುಗುಮುರುಗು: ಬಿಸಿಲು ಮತ್ತು ಮಳೆ ಹೊರಗಿರಬೇಕು, ಗಾಳಿ ಮಾತ್ರ ಒಳಗೆ ಹಾಯಬೇಕು.

ನಮ್ಮ ದೇಶದಲ್ಲಿ ಮನೆಗಳಿಗೆ ಇಕೋ ನಿವಾಸ ಸಂಹಿತೆ ಅನ್ನುವ ಇಂಧನ ಸಂಹಿತೆ 2018ರಲ್ಲಿ ಬಂತು. 500 ಚದರ ಮೀಟರ್ ಅಥವಾ ಅದಕ್ಕಿಂತ ದೊಡ್ಡ ಜಾಗದ ವಸತಿ ಕಟ್ಟಡಗಳಿಗಾಗಿ ಬರೆದದ್ದು ಅದು. ನಮ್ಮ ಹಾಗೆ ಸೆಕೆ ಮತ್ತು ತೇವ ಇರುವ ಕಡೆ, ತೆರೆಯಲು ಬರುವ ಕಿಟಕಿ-ಬಾಗಿಲುಗಳ ಜಾಗ ನೆಲದ ಅಳತೆಯ ಆರರಲ್ಲಿ ಒಂದು ಪಾಲು ಇರಬೇಕು ಅನ್ನುತ್ತದೆ. 30 ಚದರ ಮೀಟರ್ ಮನೆಗೆ 5 ಚದರ ಮೀಟರ್. ಈಗ ಎಲ್ಲರೂ ಹಾಕುವ ಎರಡು ಪಟ್ಟಿಯ ಸ್ಲೈಡಿಂಗ್ ಕಿಟಕಿಯಲ್ಲಿ ಅರ್ಧ ಭಾಗ ಯಾವಾಗಲೂ ಮುಚ್ಚಿಯೇ ಇರುತ್ತದೆ. ಅದೇ ಅಳತೆಯ ಕದ ತೆರೆಯುವ ಕಿಟಕಿ ಹಾಕಿದರೆ ಹೆಚ್ಚುಕಮ್ಮಿ ಪೂರ್ತಿ ತೆರೆಯುತ್ತದೆ. ಜೊತೆಗೆ ಬಾಗಿಲ ಮೇಲೆ ಜಾಲಿ ಕೇಳಿ, ರಾತ್ರಿ ಬಾಗಿಲು ಹಾಕಿದ ಮೇಲೂ ಗಾಳಿ ಆಡಬೇಕಲ್ಲ. ಸೊಳ್ಳೆ ಪರದೆ ಎಸ್ಟಿಮೇಟಿನಲ್ಲೇ ಸೇರಿರಲಿ. ಅದಿಲ್ಲದಿದ್ದರೆ ಸಂಜೆ ಆರಕ್ಕೆ ಕಿಟಕಿ ಮುಚ್ಚುತ್ತಾರೆ, ಇಷ್ಟೆಲ್ಲ ಲೆಕ್ಕ ಹಾಕಿದ್ದು ನೀರುಪಾಲು. ಮಲೇರಿಯಾ, ಡೆಂಗಿ ಕಂಡ ಊರು ನಮ್ಮದು.

ಒಂದು ತೊಡಕು ಇದೆ. ಗಾಳಿ ಬರುವುದು ಪಡುವಣದಿಂದ, ಸಂಜೆ ಬಿಸಿಲು ಬರುವುದೂ ಅಲ್ಲಿಂದಲೇ, ಓರೆ ಮಳೆಯೂ ಅಲ್ಲಿಂದಲೇ. ಕಟ್ಟಡದ ಉದ್ದ ಗೋಡೆಗಳನ್ನು ಉತ್ತರ ಮತ್ತು ದಕ್ಷಿಣಕ್ಕೆ ತಿರುಗಿಸಿ, ಗಿಡ್ಡ ಗೋಡೆ ಪಶ್ಚಿಮಕ್ಕೆ ಬರುವ ಹಾಗೆ ಮಾಡಿ. ಆ ಬದಿಗೆ ಮೆಟ್ಟಿಲು, ಬಚ್ಚಲು ಇರಲಿ. ಗಾಳಿ ಓರೆಯಾಗಿ ಬಂದರೂ ಕಿಟಕಿಗೆ ಸಾಕು. ಕಟ್ಟಡಗಳನ್ನು ಒಂದರ ಹಿಂದೆ ಒಂದು ನಿಲ್ಲಿಸಬೇಡಿ, ಸ್ವಲ್ಪ ಸರಿಸಿ ನಿಲ್ಲಿಸಿ.

ಸಜ್ಜಾ ವಿಷಯದಲ್ಲಿ ಇಂಜಿನಿಯರ್‌ಗಳು ಉತ್ತರದ ಗೋಡೆಗೆ ಬೇಡ ಅನ್ನಬಹುದು. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ತಲೆಯಿಂದ ತುಸು ಉತ್ತರಕ್ಕೇ ಇರುತ್ತಾನೆ. ಮೇ ಸೆಕೆಯಲ್ಲಿ ಉತ್ತರ ಗೋಡೆಗೂ ನೆರಳು ಬೇಕು. ಬಿಸಿಲಿಗೆ ಚಿಕ್ಕ ಸಜ್ಜಾ ಸಾಕು, ಮಳೆಗೆ ಸಾಲದು. ಮಳೆ ಬರುವಾಗಲೂ ಕಿಟಕಿ ತೆರೆದಿಡಲು ಆಗಬೇಕು, ಅಳತೆ ನಿರ್ಧರಿಸುವಾಗ ಆ ಮಾತನ್ನೇ ಹಿಡಿದು ಕೂರಿ.

ಮಾಡಿನ ಬಗ್ಗೆ ಹೇಳುವುದು ಜಾಸ್ತಿ ಇದೆ. ಬರೀ ಆರ್‌ಸಿಸಿ ಸ್ಲ್ಯಾಬ್ ಹಾಕಿ ಬಿಟ್ಟರೆ ಮೇಲಿನ ಮಹಡಿ ರಾತ್ರಿ ಹನ್ನೆರಡಾದರೂ ತಣಿಯುವುದಿಲ್ಲ, ಮಾಡಿನಿಂದ ಒಳಗೆ ಇಳಿಯುವ ಬಿಸಿಗೆ ಸಂಹಿತೆ ಇಟ್ಟ ಮಿತಿಯನ್ನೂ ಅದು ಮೀರುತ್ತದೆ. ನಮ್ಮೂರಿನಲ್ಲಿ ಜನ ಇದಕ್ಕೆ ತಾವೇ ಉತ್ತರ ಕಂಡುಕೊಂಡಿದ್ದಾರೆ: ಟೆರೇಸಿನ ಮೇಲೆ ಶೀಟು. ಸೋರುವುದು ನಿಲ್ಲುತ್ತದೆ, ನೆರಳು ಸಿಗುತ್ತದೆ, ಬಟ್ಟೆ ಒಣಗುತ್ತದೆ. ಆದರೆ ಮನೆಗೆ ಬಂದು ಎರಡು ವರ್ಷದ ಮೇಲೆ, ಸಾಲ ಮಾಡಿ, ಯಾವುದೋ ಕಬ್ಬಿಣದ ಕಂಬ ನೆಟ್ಟು ಹಾಕಿಸುತ್ತಾರೆ. ಉಪ್ಪು ಗಾಳಿಗೆ ಅದು ಬೇಗ ತುಕ್ಕು ಹಿಡಿಯುತ್ತದೆ. ಹೇಗೂ ಬರುವ ಶೀಟನ್ನು ಪ್ಲ್ಯಾನಿನಲ್ಲೇ ಸೇರಿಸಿಬಿಡಿ. ಗ್ಯಾಲ್ವನೈಸ್ಡ್ ಕಂಬ, ಬಿಳಿ ಅಥವಾ ತಿಳಿ ಬಣ್ಣದ ಶೀಟು, ಆಳೆತ್ತರಕ್ಕಿಂತ ಮೇಲೆ, ನಾಲ್ಕೂ ಬದಿ ಗಾಳಿಗೆ ತೆರೆದು. ಗಾಳಿಗೆ ಶೀಟು ಹಾರದ ಹಾಗೆ ಕಂಬದ ಬುಡ ಸ್ಲ್ಯಾಬಿನ ಸರಳಿಗೇ ಕಟ್ಟಿರಬೇಕು. ಸೋಲಾರ್ ಪ್ಯಾನೆಲ್‌ಗೆ ಜಾಗ, ಮಳೆನೀರಿನ ದಂಬೆ ಎಲ್ಲ ಅದರಲ್ಲೇ.

ಒಂದೇ ಅಂತಸ್ತಿನ ಮನೆಯಾದರೆ ಹಂಚಿಗಿಂತ ಒಳ್ಳೆಯದು ಬೇರೆ ಬೇಕೇ? 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ಈ ಊರಿನ ಹೆಸರು ದೇಶವೆಲ್ಲ ಹೋಗಿದ್ದೇ ಅದರಿಂದ. ಹಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತದೆ. ಆದರೆ ಓರೆ ಸ್ಲ್ಯಾಬ್ ಹಾಕಿ ಅದರ ಮೇಲೆ ಸಿಮೆಂಟಿನಲ್ಲಿ ಹಂಚು ಅಂಟಿಸುವುದು ಬರೀ ಶೋಕಿ. ಹಳೆ ಮನೆ ಕೆಡವಿದ ಹಂಚು ಸಿಕ್ಕರೆ ಫಿಲ್ಲರ್ ಸ್ಲ್ಯಾಬಿಗೆ, ಅಂದರೆ ಸರಳುಗಳ ನಡುವೆ ಹಂಚು ತುಂಬಿಸಿ ಹಾಕುವ ಸ್ಲ್ಯಾಬಿಗೆ ಹಾಕಿ, ಕಾಂಕ್ರೀಟು ಉಳಿಯುತ್ತದೆ. ಕೇರಳದಲ್ಲಿ ಆರ್ಕಿಟೆಕ್ಟ್ ಲಾರಿ ಬೇಕರ್ ಇದನ್ನು ಬಹಳ ಮಾಡಿದ್ದರು.

ಗೋಡೆಗೆ ಕೆಂಪು ಕಲ್ಲು ಇದ್ದೇ ಇದೆ. ಸುಡುವ ಕೆಲಸ ಇಲ್ಲ, ದೂರದಿಂದ ತರುವುದಿಲ್ಲ. ಕೋರೆ ನಿಂತಾಗ ರೇಟು ಹಾರುತ್ತದೆ, ಆದ್ದರಿಂದ ಎರಡನೇ ಆಯ್ಕೆಯನ್ನೂ ಬರೆದಿಟ್ಟುಕೊಳ್ಳಿ.

6. ಟೆಂಡರಿನಲ್ಲಿ ಇಲ್ಲದ್ದು ಕಟ್ಟಡದಲ್ಲಿ ಬರುವುದಿಲ್ಲ

ಸಭೆಯಲ್ಲಿ ಎಲ್ಲರೂ ಒಪ್ಪಿದ ಜಗಲಿ ಕಟ್ಟಡದಲ್ಲಿ ಕಾಣೆಯಾಗುವುದು ಇಲ್ಲಿ. ಡಿಪಿಆರ್ (ಯೋಜನೆಯ ವಿವರವಾದ ವರದಿ) ತಯಾರಾದ ಮೇಲೆ ಅದರ ಎಸ್ಟಿಮೇಟ್ ಪ್ರತಿ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಒಂದೊಂದೇ ಸಾಲು ಓದಿ. ಕಿಟಕಿ ಕದ ತೆರೆಯುವುದೋ ಸ್ಲೈಡಿಂಗೋ? ಸೊಳ್ಳೆ ಪರದೆ ಇದೆಯೇ? ಸಜ್ಜಾ ಎಷ್ಟು ಉದ್ದ? ಶೀಟಿನ ಮಾಡು ಇದೆಯೇ? ಪಿಡಬ್ಲ್ಯುಡಿ ದರಪಟ್ಟಿಯಲ್ಲಿ ಇಲ್ಲದ ವಸ್ತು ಅಂತ ಕೈಬಿಟ್ಟಿದ್ದರೆ, ರೇಟ್ ಅನಾಲಿಸಿಸ್ (ಅದರ ದರವನ್ನು ಬೇರೆಯಾಗಿ ಲೆಕ್ಕ ಹಾಕುವುದು) ಮಾಡಿ ಸೇರಿಸಲು ದಾರಿ ಇದೆ, ಅದನ್ನೇ ಲಿಖಿತವಾಗಿ ಕೇಳಿ.

ಕಡಲ ಬದಿಯಲ್ಲಿ ಕಾಂಕ್ರೀಟಿನ ವಿಷಯವನ್ನೂ ನೋಡಿ. ಕಾಂಕ್ರೀಟಿನ ಭಾರತೀಯ ಮಾನದಂಡವಾದ ಐಎಸ್ 456 ಪ್ರಕಾರ ಕರಾವಳಿ ವಾತಾವರಣಕ್ಕೆ ಒಡ್ಡಿಕೊಂಡ ಆರ್‌ಸಿಸಿ ಎಂ30 ದರ್ಜೆಯದ್ದು ಆಗಬೇಕು, ಸರಳಿನ ಮೇಲೆ 45 ಮಿಲಿಮೀಟರ್ ಕವರ್, ಅಂದರೆ ಅದನ್ನು ಮುಚ್ಚುವ ಕಾಂಕ್ರೀಟು ಇರಬೇಕು. ಕವರ್ ಕಡಿಮೆಯಾದರೆ ಸರಳು ತುಕ್ಕು ಹಿಡಿದು ಸಜ್ಜಾ ಉದುರುತ್ತದೆ, ಸಜ್ಜಾ ಹೋದರೆ ಮಳೆಗೆ ಕಿಟಕಿ ಮುಚ್ಚಬೇಕು.

ದುಡ್ಡು ಸಾಲದೆ ಏನಾದರೂ ಬಿಡಲೇಬೇಕು ಅಂತಾದರೆ ನೆಲದ ಟೈಲ್ಸು, ಬಣ್ಣ, ಕಮಾನು ಬಿಡಿ. ಆಮೇಲೆ ಹಾಕಿಕೊಳ್ಳಬಹುದು. ಕಿಟಕಿಯ ಜಾಗ, ಕಟ್ಟಡದ ದಿಕ್ಕು ಆಮೇಲೆ ಬದಲಾಗುವುದಿಲ್ಲ.

7. ಕೆಲಸ ನಡೆಯುವಾಗ

ಊರಿನ ಇಬ್ಬರು ಮೂವರು ವಾರಕ್ಕೊಮ್ಮೆ ಹೋಗಿ ನೋಡಿ, ಫೋಟೋ ತೆಗೆದಿಡಿ. ಗಾರೆ ಕೆಲಸ ಗೊತ್ತಿರುವವರು ನಿಮ್ಮಲ್ಲೇ ಇರುತ್ತಾರೆ. ಮೇಸ್ತ್ರಿ ಜೊತೆ ಜಗಳಕ್ಕೆ ಹೋಗಬೇಡಿ. ತಪ್ಪು ಕಂಡರೆ ಇಂಜಿನಿಯರ್‌ಗೆ ಬರೆದು ಕೊಡಿ, ನಿಮ್ಮ ಬಳಿ ಒಂದು ಪ್ರತಿ ಇರಲಿ. ಹಸ್ತಾಂತರ ಮಾಡಿಕೊಳ್ಳುವ ಮೊದಲು ಒಂದು ಒಳ್ಳೆಯ ಮಳೆ ಬೀಳಲಿ ಅಂತ ಕೇಳಿ, ಆಗ ಸೋರುವ ಜಾಗಗಳೆಲ್ಲ ತಾವೇ ಎದ್ದು ಕಾಣುತ್ತವೆ.

8. ಒಕ್ಕಲಾದ ಮೇಲೆ ಮೀಟರು, ನೀರು, ಸೋಲಾರು

ಗೃಹಜ್ಯೋತಿ ಇದೆಯಲ್ಲ, ಉಳಿಸಿ ಏನಾಗಬೇಕು ಅಂತ ಕೇಳುವವರಿದ್ದಾರೆ. 200 ಯೂನಿಟ್ ಅನ್ನುವುದು ಮೇಲಿನ ಮಿತಿ. ಉಚಿತ ಸಿಗುವುದು ನಿಮ್ಮ ಹಳೆಯ ಸರಾಸರಿಯ ಲೆಕ್ಕದಲ್ಲಿ. ಹೊಸ ಮನೆಗೆ ಹಳೆಯ ಸರಾಸರಿಯೇ ಇಲ್ಲ. 2023ರಲ್ಲಿ ಯೋಜನೆ ಬಂದಾಗ ಅಂಥವರಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇಕಡಾ 10, ಒಟ್ಟು 58 ಅಂತ ಇಟ್ಟರು. 75 ವ್ಯಾಟಿನ ಎರಡು ಫ್ಯಾನು ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 54 ಯೂನಿಟ್. ಅಲ್ಲಿಗೆ ಉಚಿತ ಮುಗಿಯಿತು. ಕಡಿಮೆ ಕರೆಂಟ್ ಎಳೆಯುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಾದರೆ ಸುಮಾರು 22. ಆದ್ದರಿಂದ ಫ್ಯಾನು ಮತ್ತು ಎಲ್‌ಇಡಿ ಬಲ್ಬು ಮನೆಯ ಜೊತೆಗೇ ಬರಲಿ ಅಂತ ಟೆಂಡರಿನಲ್ಲೇ ಬರೆಸುವುದು ಲಾಭ. ಎಲ್ಲ ಮನೆಗೆ ಒಟ್ಟಿಗೆ ಕೊಂಡರೆ ರೇಟೂ ಕಡಿಮೆ.

ಮೆಟ್ಟಿಲ ಲೈಟು ಮತ್ತು ಪಂಪಿನ ಬಿಲ್ಲು ಯಾರದು ಅಂತ ಮೊದಲೇ ತೀರ್ಮಾನ ಮಾಡಿ. ಜಗಳ ಶುರುವಾಗುವುದು ಇಲ್ಲೇ, ಮೆಸ್ಕಾಂನವರು ಫ್ಯೂಸು ಕಿತ್ತುಕೊಂಡು ಹೋಗುವುದೂ ಇದಕ್ಕೇ. ಪಿಎಂ ಸೂರ್ಯಘರ್ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಸಾಮಾನ್ಯ ಬಳಕೆಯ ಸೋಲಾರಿಗೆ ಕಿಲೋವ್ಯಾಟಿಗೆ 18,000 ರೂಪಾಯಿ ಸಹಾಯಧನ ಇದೆ. ಅದಕ್ಕೆ ಸಂಘ ನೋಂದಣಿ ಆಗಿರಬೇಕು, ಹಾಗಾಗಿ ಒಕ್ಕಲಾಗುವ ಮೊದಲೇ ಸಂಘ ಮಾಡಿಕೊಳ್ಳಿ. ಒಂದು ಕಿಲೋವ್ಯಾಟ್ ಪ್ಯಾನೆಲ್ ಬಿಸಿಲಿರುವ ದಿನ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. ಆಷಾಢದಲ್ಲಿ ಅಷ್ಟು ನಿರೀಕ್ಷೆ ಬೇಡ.

ನೀರನ್ನು ಮೇಲಕ್ಕೆ ಎತ್ತುವುದಕ್ಕೂ ಕರೆಂಟೇ ಬೇಕು. ಮಂಗಳೂರಿಗೆ ತುಂಬೆಯಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ ನೀರು ಬರುತ್ತದೆ, ಏಪ್ರಿಲ್ ಬಂತೆಂದರೆ ಎರಡೂ ಕಡೆ ಪರದಾಟ. 3,500 ಮಿಲಿಮೀಟರ್ ಮಳೆ ಬೀಳುವ ಕಡೆ 100 ಚದರ ಮೀಟರ್ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರ್ ಬೀಳುತ್ತದೆ. ಶೀಟಿನ ದಂಬೆಯಿಂದ ಮೇಲಿನ ಮಹಡಿಯ ಟ್ಯಾಂಕಿಗೇ ಸೋಸಿ ಬಿಟ್ಟರೆ ಮಳೆಗಾಲವಿಡೀ ಬಚ್ಚಲಿಗೆ, ಬಟ್ಟೆಗೆ ಪಂಪು ಹಾಕುವ ಕೆಲಸವೇ ಕಡಿಮೆ. ಉಕ್ಕಿದ್ದನ್ನು ಬಾವಿಯ ಬದಿಯ ಇಂಗುಗುಂಡಿಗೆ ಬಿಡಿ. ದಂಬೆಯಲ್ಲಿ ಎಲೆ ಕಸ ಕಟ್ಟಿದರೆ ಇದೆಲ್ಲ ನಿಂತುಹೋಗುತ್ತದೆ, ಆದ್ದರಿಂದ ಮೇ ಕೊನೆಯ ವಾರ ದಂಬೆ ಮತ್ತು ಟ್ಯಾಂಕು ತೊಳೆಯುವ ಪಾಳಿ ಯಾವ ಮಹಡಿಯವರದು ಅಂತ ಸಂಘದ ಮೊದಲ ಸಭೆಯಲ್ಲೇ ಬರೆದಿಡಿ.